ಮಲ್ಲಿಗೆಗೆ ಕತ್ತರಿ ಹಿಡಿಯುವ ಹೊತ್ತು

(ನಮ್ಮ ಉಚಿತ ವಾಚನಾಲಯದಲ್ಲಿ ನವೆಂಬರ್ ತಿಂಗಳ ಎರಡನೆಯ ಭಾನುವಾರ ಮಾಡಿದ ಭಾಷಣ)



ಕಾರ್ಯದರ್ಶಿಗಳು ಹೋದ ತಿಂಗಳೇ ನಮ್ಮನ್ನು ಹಿಡಿದು ನಿಲ್ಲಿಸಿ, "ಒಂದು ಭಾನುವಾರ ನೀವೂ ಮಾತಾಡಲೇಬೇಕು" ಎಂದು ಅಪ್ಪಣೆ ಮಾಡಿದರು. ನಾವು ಸಾಹಿತಿಗಳಲ್ಲ, ಪಂಡಿತರೂ ಅಲ್ಲ. ಬೆಳಗ್ಗೆ ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ಫೋರ್ಟಿಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ಮರಳುವ ಕಾರಕೂನರು. ನಮಗೆ ಬರುವ ವಿದ್ಯೆ ಎರಡೇ. ಒಂದು, ಲೆಕ್ಕ ಬರೆಯುವುದು. ಇನ್ನೊಂದು, ಚಾಳಿನ ಗ್ಯಾಲರಿಯಲ್ಲಿ ಕುಂಡ ಇಟ್ಟು ಮಲ್ಲಿಗೆ ಬೆಳೆಸುವುದು. ಲೆಕ್ಕದ ಸಂಕಟ ನಿಮಗೆಲ್ಲ ವಾರದ ಆರು ದಿನವೂ ಇದ್ದದ್ದೇ. ಆದಕಾರಣ ಏಳನೆಯ ದಿನಕ್ಕೆ ಮಲ್ಲಿಗೆಯೇ ಇರಲಿ ಎಂದು ನಿಶ್ಚಯಿಸಿ ಬಂದಿದ್ದೇವೆ.

ಈ ವಾಚನಾಲಯಕ್ಕೆ ಬರುವವರಲ್ಲಿ ಮನೆಯಲ್ಲಿ ಒಂದು ಮಲ್ಲಿಗೆ ಗಿಡ ಇಟ್ಟವರು ಬಹಳ ಮಂದಿ ಇದ್ದಾರೆ. ಅವರೆಲ್ಲರ ದೂರೂ ಒಂದೇ: "ಗಿಡವೇನೋ ಸೊಂಪಾಗಿ ಬೆಳೆದಿದೆ, ಕಿಟಕಿಯ ಸರಳು ಹಿಡಿದು ಮಾಡಿನವರೆಗೆ ಏರಿದೆ, ಆದರೆ ಮೊಗ್ಗಿಲ್ಲ." ಗೊಬ್ಬರ ಹಾಕಿದರೆ ಎಲೆ ಇನ್ನಷ್ಟು ದೊಡ್ಡದಾಗುತ್ತದೆ, ಮೊಗ್ಗು ಮಾತ್ರ ಇಲ್ಲ. ಕೊನೆಗೆ ಮನೆಯಾಕೆ ದಾದರದ ಹೂವಿನ ಪೇಟೆಯಿಂದಲೋ ಮಾಟುಂಗದ ಅಂಗಡಿಯಿಂದಲೋ ಮೊಳ ಹೂವು ತಂದು ಮುಡಿಯುತ್ತಾಳೆ. ಗಿಡ ನೋಡುತ್ತ ನಿಲ್ಲುತ್ತದೆ. ಈ ದೂರಿಗೆ ಮದ್ದು ಇದೆ. ಆ ಮದ್ದಿನ ಹೆಸರು ಕತ್ತರಿ. ಆದರೆ ಹೊತ್ತು ತಪ್ಪಿ ಹಿಡಿದರೆ ಅದೇ ಕತ್ತರಿ ವಿಷವಾಗುತ್ತದೆ ಎಂಬುದನ್ನೂ ನಾವು ಅನುಭವದಿಂದ ಬಲ್ಲೆವು. ಅದನ್ನು ಮುಚ್ಚಿಡದೆ ಹೇಳುತ್ತೇವೆ.

ಮೊದಲು ಗಿಡದ ಪರಿಚಯ. ಮರಾಠಿಯವರು ಮೋಗ್ರಾ ಎನ್ನುವ, ನಾವು ದುಂಡುಮಲ್ಲಿಗೆ ಎನ್ನುವ ಜಾತಿಗೆ ಶಾಸ್ತ್ರದ ಹೆಸರು ಜ್ಯಾಸ್ಮಿನಮ್ ಸಾಂಬಾಕ್. ಉಡುಪಿ ಸೀಮೆಯ ಶಂಕರಪುರದ ಮಲ್ಲಿಗೆಯೂ ಇದೇ ಕುಲದ್ದು. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳ ಹಾಗೆ ಉಡುಪಿ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಶಂಕರಪುರದ ಸುತ್ತಿನ ಹಳ್ಳಿಗಳಲ್ಲಿ ಮನೆಯ ಹಿತ್ತಿಲಿನ ಹತ್ತಿಪ್ಪತ್ತು ಗಿಡಗಳಿಂದಲೇ ಮಕ್ಕಳ ಓದಿನ ಖರ್ಚು ಸಾಗಿಸಿದ ತಾಯಂದಿರಿದ್ದಾರೆ. ಬೆಳಗಿನ ಜಾವವೇ ಅರಳದ ಮೊಗ್ಗು ಕಿತ್ತು, ಬಾಳೆನಾರಿನಲ್ಲಿ ಕಟ್ಟಿ ಕೊಡುವುದು ಅಲ್ಲಿನ ಪದ್ಧತಿ. ಲೆಕ್ಕವೂ ಬೇರೆಯೇ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ ಅಟ್ಟೆಗೆ 3,200 ಹೂವು. ಆ ಹೂವು ಮುಂಬಯಿಗೂ ಬರುತ್ತದೆ. ಊರಿನಲ್ಲಿ ಕಿತ್ತದ್ದು ಇಲ್ಲಿ ಮದುವೆಯ ಹೆಣ್ಣಿನ ಜಡೆ ಸೇರುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮಲ್ಲಿಗೆಯ ಮೊಗ್ಗು ಎಲ್ಲಿ ಬರುತ್ತದೆ? ಹಳೆಯ ಕಟ್ಟಿಗೆಯ ಮೇಲೆ ಬರುವುದಿಲ್ಲ. ಹೊಸದಾಗಿ ಹೊರಟ ಚಿಗುರಿನ ತುದಿಯಲ್ಲಿ, ಸಾಮಾನ್ಯವಾಗಿ ಮೂರು ಮೊಗ್ಗಿನ ಗೊಂಚಲಾಗಿ ಬರುತ್ತದೆ. ನಡುವಿನದು ಮೊದಲು ಅರಳುತ್ತದೆ, ಅಕ್ಕಪಕ್ಕದವು ಆಮೇಲೆ. ಈ ಒಂದು ಮಾತನ್ನು ನೆನಪಿಟ್ಟರೆ ಮಿಕ್ಕದ್ದೆಲ್ಲ ಕೂಡಿಸಿ ಗುಣಿಸುವ ಲೆಕ್ಕ. ಹೊಸ ತುದಿ ಎಷ್ಟೋ ಮೊಗ್ಗಿನ ಗೊಂಚಲು ಅಷ್ಟು. ಮಾಡಿಗೆ ಏರಿದ ಗಿಡಕ್ಕೆ ಉದ್ದ ಇಪ್ಪತ್ತು ಅಡಿ ಇರಬಹುದು, ತುದಿ ಐದೋ ಆರೋ. ಹದಿನೈದು ಹದಿನೆಂಟು ಮೊಗ್ಗಿಗಿಂತ ಹೆಚ್ಚು ಅದು ಎಲ್ಲಿಂದ ಕೊಡಬೇಕು?

ತುದಿ ಹೆಚ್ಚಾಗದಿರಲು ಕಾರಣವೂ ತುದಿಯೇ. ಪ್ರತಿ ಎಲೆಯ ಕಂಕುಳಲ್ಲಿ ಒಂದು ಕಣ್ಣು ನಿದ್ದೆ ಮಾಡುತ್ತಿರುತ್ತದೆ. ಮೇಲೆ ಬೆಳೆಯುವ ತುದಿ ಅದನ್ನು ಏಳಗೊಡುವುದಿಲ್ಲ. ಅವಿಭಕ್ತ ಕುಟುಂಬದ ಯಜಮಾನನಂತೆ ಎಲ್ಲವನ್ನೂ ತಾನೇ ನಡೆಸುತ್ತದೆ. ತುದಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಎಂಬ ರಸ ಪಕ್ಕದ ಕಣ್ಣುಗಳನ್ನು ಅಡಗಿಸುತ್ತದೆಂದು 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿದರು. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬಟಾಣಿ ಗಿಡವನ್ನು ಪರೀಕ್ಷಿಸಿ ಇನ್ನೊಂದು ಮಾತು ಸೇರಿಸಿದರು: ತುದಿಯು ಗಿಡದ ಸಕ್ಕರೆಯನ್ನೆಲ್ಲ ಎಳೆದುಕೊಳ್ಳುತ್ತದೆ, ತುದಿ ಹೋದೊಡನೆ ಆ ಸಕ್ಕರೆ ಪಕ್ಕದ ಕಣ್ಣುಗಳಿಗೆ ಹರಿದು ಅವು ಏಳುತ್ತವೆ. ಹೇಗೇ ಇರಲಿ, ನಮಗೆ ಬೇಕಾದ ಸಾರ ಒಂದೇ. ತುದಿ ತೆಗೆದರೆ ಕೆಳಗಿನವರಿಗೆ ಅನ್ನ ಸಿಗುತ್ತದೆ. ಮಲ್ಲಿಗೆಯ ಎಲೆ ಎದುರುಬದುರು ಜೋಡಿಯಾಗಿ ಬರುವುದರಿಂದ ಒಂದು ತುದಿ ತೆಗೆದಲ್ಲಿ ಎರಡು ಚಿಗುರು ಹೊರಡುತ್ತವೆ.

ಇಷ್ಟು ತಿಳಿದವರು ಕತ್ತರಿ ಹಿಡಿದು ಮನೆಗೆ ಓಡಬಹುದು. ದಯವಿಟ್ಟು ಓಡಬೇಡಿ. ನಾವೊಮ್ಮೆ ಹಾಗೆ ಓಡಿದವರು.

ನಮ್ಮ ಪಕ್ಕದ ಖೋಲಿಯಲ್ಲಿ ಶಿರ್ವದ ಕಡೆಯ ಒಂದು ಸಂಸಾರವಿತ್ತು. ಆ ಮನೆಯಾಕೆಯನ್ನು ನಾವು ಅಕ್ಕ ಎಂದೇ ಕರೆಯುತ್ತಿದ್ದೆವು. ಅವರ ಗ್ಯಾಲರಿಯಲ್ಲಿ ಒಂದು ಮಲ್ಲಿಗೆ ಗಿಡ. ಅದು ನರ್ಸರಿಯದಲ್ಲ. ಅವರ ತಾಯಿ ಒಮ್ಮೆ ಮಗಳನ್ನು ನೋಡಲು ಬರುವಾಗ ಮನೆಯ ಹಿತ್ತಿಲಿನ ಬುಡದಿಂದ ಬೇರು ಬಂದ ಒಂದು ಗೆಲ್ಲನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಮಣ್ಣು ಸಹಿತ ಇಟ್ಟು, ಮತ್ಸ್ಯಗಂಧಾ ಗಾಡಿಯಲ್ಲಿ ರಾತ್ರಿಯಿಡೀ ಮಡಿಲಲ್ಲಿ ಹಿಡಿದು ತಂದದ್ದು. ಆಮೇಲೆ ಆ ತಾಯಿ ತೀರಿಕೊಂಡರು. ಹಿತ್ತಿಲು ಪಾಲಾಗಿ ಮಾರಿಹೋಯಿತು. ಗಿಡ ಮಾತ್ರ ಇಲ್ಲಿ ಉಳಿಯಿತು. ಎಲೆ ತುಂಬ ಇತ್ತು, ಹೂವು ವರ್ಷಕ್ಕೆ ಒಂದು ಹಿಡಿ.

ಒಂದು ಮೇ ತಿಂಗಳು ಅವರು ಊರಿಗೆ ಹೊರಟಾಗ, "ತಮ್ಮಾ, ಗಿಡಕ್ಕೆ ಸ್ವಲ್ಪ ನೀರು ಹಾಕ್ತಾ ಇರಿ" ಎಂದು ಬೀಗದ ಕೈ ನಮ್ಮಲ್ಲಿ ಕೊಟ್ಟರು. ಹೇಳಿದ್ದು ನೀರು ಹಾಕಲಿಕ್ಕೆ. ನಾವೋ ಆಫೀಸಿನಲ್ಲಿ ಯಾರೋ, "ಮಲ್ಲಿಗೆ ಕತ್ತರಿಸಿದರೆ ಹೂವು ಬಿಡುತ್ತದೆ" ಎಂದದ್ದನ್ನು ಕೇಳಿಕೊಂಡಿದ್ದೆವು. ಅಲ್ಪವಿದ್ಯೆ ಮಹಾಗರ್ವಿ. ಅಕ್ಕ ಬರುವಷ್ಟರಲ್ಲಿ ಗಿಡ ಚಿಗುರಿ ಮೊಗ್ಗಾಗಿರಲಿ, ಆಶ್ಚರ್ಯಪಡಲಿ ಎಂದು ಜೂನ್ ತಿಂಗಳ ಮೊದಲ ವಾರ ಗಿಡವನ್ನು ಗೇಣುದ್ದಕ್ಕೆ ಬೋಳಿಸಿದೆವು. ಕತ್ತರಿಸಿದ ಗೆಲ್ಲುಗಳನ್ನೆಲ್ಲ ಕಟ್ಟಿ ಕಸದ ಡಬ್ಬಿಗೆ ಹಾಕಿದೆವು. ಅದೇ ವಾರ ಮಳೆ ಹಿಡಿಯಿತು. ಎಲೆಯಿಲ್ಲದ ಗಿಡ ನೀರು ಕುಡಿಯದು. ಆ ಕುಂಡದ ಕೆಳಗಿನ ತೂತು ಎಂದೋ ಕಟ್ಟಿಹೋಗಿತ್ತು. ಮಣ್ಣು ಕೆಸರಾಗಿ ಬೇರು ಕೊಳೆಯಿತು. ಕಾಂಡ ತುದಿಯಿಂದ ಕಪ್ಪಾಗುತ್ತ ಇಳಿಯಿತು. ಅಕ್ಕ ಬಂದಾಗ ಕುಂಡದಲ್ಲಿ ನಾಲ್ಕು ಕಪ್ಪು ಕಡ್ಡಿ.

ಅವರು ಬೈಯಲಿಲ್ಲ. ಕಡ್ಡಿಯನ್ನು ಉಗುರಿನಿಂದ ಕೆರೆದು ಹಸುರಿದೆಯೇ ಎಂದು ನೋಡಿದರು. "ಇರಲಿ, ನೀವು ಒಳ್ಳೇದಕ್ಕೇ ಮಾಡಿದ್ದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕಡಿದ ಗೆಲ್ಲು ಏನು ಮಾಡಿದಿರಿ?" ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅದರಲ್ಲಿ ಒಂದನ್ನಾದರೂ ಒಂದು ಡಬ್ಬಿಯಲ್ಲಿ ನೆಟ್ಟಿದ್ದರೆ ಅವರ ತಾಯಿಯ ಗಿಡ ಇಂದಿಗೂ ಇರುತ್ತಿತ್ತು.

ಅಂದಿನಿಂದ ನಾವು ಈ ವಿಷಯವನ್ನು ಓದಿ, ಕೇಳಿ, ನಮ್ಮ ಸ್ವಂತ ಗಿಡಗಳ ಮೇಲೆ ಮಾಡಿ ಕಲಿತದ್ದನ್ನು ಈಗ ಕ್ರಮವಾಗಿ ಹೇಳುತ್ತೇವೆ. ಬೇಕಾದವರು ಬರೆದುಕೊಳ್ಳಬಹುದು.

ಮೊದಲನೆಯದು ಕಾಲ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ದುಂಡುಮಲ್ಲಿಗೆಗೆ ನವೆಂಬರ್ ಕೊನೆಯ ವಾರವನ್ನು ಹೇಳುತ್ತಾರೆ; ಹೊಲದ ಗಿಡವನ್ನು ನೆಲದಿಂದ 50 ಸೆಂಟಿಮೀಟರ್ ಬಿಟ್ಟು ಕತ್ತರಿಸಲು ಸೂಚಿಸುತ್ತಾರೆ. ನಮ್ಮ ಮುಂಬಯಿಗೂ ಇದೇ ಕಾಲ ಒಪ್ಪುತ್ತದೆ. ಇಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆ ಬಹುತೇಕ ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿದುಬಿಡುತ್ತದೆ. ಅಕ್ಟೋಬರಿನ ಸೆಕೆ ಕಳೆದು ನವೆಂಬರಿನಲ್ಲಿ ಮಣ್ಣು ಆರಿ, ಹವೆ ಹದವಾಗುತ್ತದೆ. ಆಗ ಕತ್ತರಿಸಿದರೆ ಫೆಬ್ರವರಿ ಮಾರ್ಚಿಗೆ ಮೊಗ್ಗು. ಈ ಭಾಷಣವನ್ನು ನವೆಂಬರಿನಲ್ಲೇ ಇಡಿ ಎಂದು ನಾವು ಕಾರ್ಯದರ್ಶಿಗಳನ್ನು ಬೇಡಿಕೊಂಡದ್ದು ಇದಕ್ಕಾಗಿಯೇ. ಇನ್ನೂ ಎರಡು ವಾರ ಕೈಯಲ್ಲಿದೆ.

ಎರಡನೆಯದು ಸಿದ್ಧತೆ. ಕತ್ತರಿಸುವ ಮುನ್ನ ಒಂದು ವಾರ ನೀರು ಕಡಿಮೆ ಮಾಡಬೇಕು. ಎಲೆ ಸ್ವಲ್ಪ ಬಾಡಿದಂತೆ ಕಂಡರೆ ಭಯವಿಲ್ಲ, ಒಣಗಬಾರದು. ಕುಂಡದ ತೂತಿಗೆ ಕಡ್ಡಿ ಚುಚ್ಚಿ ನೀರು ಇಳಿಯುತ್ತದೆಯೇ ನೋಡಬೇಕು. ಕತ್ತರಿ ಹರಿತವಾಗಿರಲಿ, ಸ್ಪಿರಿಟ್ಟಿನಲ್ಲಿ ಒರೆಸಿರಲಿ. ಮೊಂಡು ಕತ್ತರಿ ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದಲ್ಲಿ ಕೊಳೆ ಹತ್ತುತ್ತದೆ.

ಮೂರನೆಯದು ಕತ್ತರಿಸುವ ರೀತಿ. ಒಣಗಿದ್ದು, ಕಡ್ಡಿಯಂತೆ ಸಣಕಲಾದದ್ದು, ಒಂದಕ್ಕೊಂದು ಉಜ್ಜುವುದು, ಒಳಮುಖವಾಗಿ ಬೆಳೆದದ್ದು, ಇವನ್ನು ಬುಡಕ್ಕೇ ತೆಗೆಯಿರಿ. ಗಟ್ಟಿಯಾದ ನಾಲ್ಕೈದು ಕಾಂಡ ಉಳಿಸಿ. ಅವನ್ನು ಮಣ್ಣಿನಿಂದ ಸುಮಾರು ಒಂದು ಅಡಿ ಎತ್ತರದಲ್ಲಿ, ಒಂದು ಗಿಣ್ಣಿನ ಮೇಲೆ ಕಾಲು ಇಂಚು ಬಿಟ್ಟು ಕತ್ತರಿಸಿ. ಗಿಣ್ಣಿನ ಎರಡೂ ಬದಿ ಕಣ್ಣಿರುವುದರಿಂದ ಓರೆಯಾಗಿ ಬೇಡ, ನೇರವಾಗಿ ಕತ್ತರಿಸಿ. ಹೊಲದವರು ಎಲೆಯನ್ನೆಲ್ಲ ತೆಗೆಯುವುದುಂಟು. ಕುಂಡದ ಗಿಡಕ್ಕೆ ಬುಡದಲ್ಲಿ ಏಳೆಂಟು ಹಸುರೆಲೆ ಇರಲಿ ಎಂಬುದು ನಮ್ಮ ಅಭಿಪ್ರಾಯ. ಉಸಿರಾಡಲು ಏನಾದರೂ ಬೇಕಲ್ಲ.

ನಾಲ್ಕನೆಯದನ್ನು ಒತ್ತಿ ಹೇಳುತ್ತೇವೆ. ಕತ್ತರಿಸಿದ ಗೆಲ್ಲನ್ನು ಬಿಸಾಡಬೇಡಿ. ಮೂರು ನಾಲ್ಕು ಗಿಣ್ಣಿರುವ ತುಂಡು ಮಾಡಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಎರಡು ಗಿಣ್ಣು ಮುಳುಗುವಂತೆ ನೆಟ್ಟು ನೆರಳಿನಲ್ಲಿಡಿ. ಮಣ್ಣು ತೇವವಿರಲಿ, ಕೆಸರು ಬೇಡ. ಹತ್ತು ನೆಟ್ಟರೆ ನಾಲ್ಕು ಬೇರು ಬಿಟ್ಟರೂ ಲಾಭವೇ. ತಾಯಿಗಿಡ ಚಿಗುರಿ ನಿಲ್ಲುವವರೆಗೆ ಇವು ನಿಮ್ಮ ಜಾಮೀನು.

ಐದನೆಯದು ಆಹಾರ. ಮೇಲಿನ ಎರಡು ಇಂಚು ಹಳೆಯ ಮಣ್ಣು ಕೆದಕಿ ತೆಗೆದು, ಹಳತಾದ ಸೆಗಣಿ ಗೊಬ್ಬರವನ್ನೋ ಎರೆಗೊಬ್ಬರವನ್ನೋ ತುಂಬಿ. ತಬೇಲೆಯಿಂದ ತಂದ ಹಸಿ ಸೆಗಣಿ ಬೇಡ, ಬೇರು ಸುಡುತ್ತದೆ. ಕತ್ತರಿಸಿದ ಮೇಲೆ ನೀರು ಸ್ವಲ್ಪವೇ ಸಾಕು. ಚಿಗುರು ಕಂಡ ಮೇಲೆ ಹೆಚ್ಚಿಸಿ. ಸಾರಜನಕದ ಗೊಬ್ಬರ ಅತಿಯಾದರೆ ಮತ್ತೆ ಎಲೆಯ ಸಂಭ್ರಮವೇ ಆಗುತ್ತದೆ, ಮೊಗ್ಗು ಹಿಂದೆ ಸರಿಯುತ್ತದೆ.

ಆರನೆಯದು ಚಿವುಟುವುದು. ಹೊಸ ಚಿಗುರಿನಲ್ಲಿ ಮೂರು ನಾಲ್ಕು ಜೋಡಿ ಎಲೆ ಬಂದಾಗ ತುದಿಯನ್ನು ಉಗುರಿನಿಂದ ಚಿವುಟಿ. ಈಗ ಲೆಕ್ಕ ಮಾಡೋಣ. ಕಾಂಡ ನಾಲ್ಕು, ಕತ್ತರಿಸಿದಲ್ಲಿ ಎರಡೆರಡರಂತೆ ಚಿಗುರು ಎಂಟು, ಚಿವುಟಿದಲ್ಲಿ ಮತ್ತೆ ಎರಡೆರಡಾಗಿ ತುದಿ ಹದಿನಾರು, ತುದಿಗೆ ಮೂರರಂತೆ ಮೊಗ್ಗು ನಲವತ್ತೆಂಟು. ಶಂಕರಪುರದ ಒಂದು ಚೆಂಡಿಗೆ ಇದು ಏನೂ ಸಾಲದು, ನಿಜ. ಆದರೆ ದೇವರ ಪಟಕ್ಕೆ ಒಂದು ಗೇಣು, ಮಗಳ ಜಡೆಗೆ ಒಂದು ತುಂಡು ಆಗುತ್ತದೆ. ಜನವರಿ ಮುಗಿದ ಮೇಲೆ ಚಿವುಟಬೇಡಿ. ಆಗ ಚಿವುಟಿದ್ದು ಮೊಗ್ಗನ್ನೇ ಚಿವುಟಿದಂತೆ.

ಏಳನೆಯದು ಗಿಡವನ್ನು ಬಗ್ಗಿಸುವುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಚಿಗುರು ಎಳೆಯದಿರುವಾಗಲೇ ಕುಂಡದ ಅಂಚಿಗೆ ನಾಲ್ಕು ಬಿದಿರು ಕಡ್ಡಿ ನೆಟ್ಟು ಸುತ್ತ ಒಂದು ಬಳೆ ಕಟ್ಟಿ, ಗೆಲ್ಲುಗಳನ್ನು ನಡುವಿನಿಂದ ಹೊರಕ್ಕೆ ಬಾಗಿಸಿ ಬಾಳೆನಾರಿನಿಂದ ಸಡಿಲವಾಗಿ ಬಿಗಿಯಿರಿ. ನೆಟ್ಟಗಿನ ಗೆಲ್ಲಿನಲ್ಲಿ ತುದಿಯದೇ ಕಾರುಬಾರು. ಬಾಗಿದ ಗೆಲ್ಲಿನಲ್ಲಿ ನಡುವಿನ ಕಣ್ಣುಗಳೂ ಏಳುತ್ತವೆ. ಗಿಡದ ಹೊಟ್ಟೆಗೂ ಬಿಸಿಲು ಗಾಳಿ ತಾಗುತ್ತದೆ. ಬಿಸಿಲಿನ ಮಾತು ಬಂತು: ದಿನಕ್ಕೆ ಐದಾರು ತಾಸು ಬಿಸಿಲಿಲ್ಲದ ಕಡೆ ಯಾವ ಕತ್ತರಿಯೂ ಮೊಗ್ಗು ತಾರದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ದಕ್ಷಿಣದ ಗ್ಯಾಲರಿಯವರು ಭಾಗ್ಯವಂತರು. ಉತ್ತರದ ಗ್ಯಾಲರಿಯವರು ಎದುರು ಸಾಲಿನವರಲ್ಲಿ ಒಂದು ಕುಂಡದಷ್ಟು ಜಾಗ ಕೇಳಿಕೊಳ್ಳಲಿ. ಹೂವಿನ ನೆವದಲ್ಲಿ ನೆರೆಹೊರೆಯೂ ಬೆಳೆಯುತ್ತದೆ.

ಎಂಟನೆಯದು ಹೂವು ಮುಗಿದ ಮೇಲಿನ ಕೆಲಸ. ಒಂದು ಸರದಿ ಹೂವು ಬಿಟ್ಟ ಗೆಲ್ಲನ್ನು ಎರಡು ಜೋಡಿ ಎಲೆಯಷ್ಟು ಕೆಳಕ್ಕೆ ಕತ್ತರಿಸುತ್ತ ಬಂದರೆ ಮತ್ತೆ ಚಿಗುರಿ ಮಳೆಗಾಲದೊಳಗೆ ಇನ್ನೊಂದೆರಡು ಸರದಿ ಕೊಡುತ್ತದೆ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ತೂತು ಬಿದ್ದರೆ ಒಳಗೆ ಹುಳವಿದೆ ಎಂದರ್ಥ. ಅಂಥ ಮೊಗ್ಗು ಕಿತ್ತು ನಾಶಮಾಡಿ, ಬೇವಿನ ಎಣ್ಣೆಯನ್ನು ಸಾಬೂನು ನೀರಿನಲ್ಲಿ ಕಲಸಿ ಸಿಂಪಡಿಸಿ. ಜೂನ್ ಬಂದ ಮೇಲೆ ಕತ್ತರಿಯನ್ನು ಪೆಟ್ಟಿಗೆಯಲ್ಲಿಡಿ.

ಚಾಳಿನಲ್ಲಿರುವ ನಮಗೆ ಇನ್ನೆರಡು ಕರ್ತವ್ಯಗಳಿವೆ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಬಾರದು. ಡೆಂಗಿಯ ಸೊಳ್ಳೆ ಮೊಟ್ಟೆಯಿಡುವುದು ಅಂಥ ತಿಳಿನೀರಿನಲ್ಲೇ. ಕಠಡೆಯ ಮೇಲೆ ಕುಂಡ ಇಡಬಾರದು. ಕೆಳಗೆ ಆಡುವ ಮಗುವಿನ ತಲೆ ನಮ್ಮ ಹೂವಿಗಿಂತ ಮೇಲು. ಹೋಟೇಲಿನ ಮಾಳಿಗೆಯಲ್ಲಿ ಮಲಗುವ ತಮ್ಮಂದಿರು, "ನಮಗೆ ಮನೆಯೇ ಇಲ್ಲ, ಕುಂಡ ಎಲ್ಲಿ?" ಎನ್ನಬಹುದು. ಮಾಳಿಗೆಯ ಬಿಸಿಲು ಯಾವ ಬಂಗಲೆಗೂ ಇಲ್ಲ. ಖಾಲಿ ಎಣ್ಣೆ ಡಬ್ಬಿಯೊಂದಕ್ಕೆ ತೂತು ಹೊಡೆದು ಶುರು ಮಾಡಿ.

ಎಲ್ಲಕ್ಕಿಂತ ದೊಡ್ಡ ನಿಯಮ ಕೊನೆಗೆ. ಇನ್ನೊಬ್ಬರ ಗಿಡಕ್ಕೆ ಕೇಳದೆ ಕತ್ತರಿ ಹಾಕಬಾರದು. ಹೂವಿನ ಲೆಕ್ಕ ಹೊರಗಿನವನಿಗೆ ಕಾಣುತ್ತದೆ. ಆ ಗಿಡ ಎಲ್ಲಿಂದ ಬಂತು, ಯಾರ ಮಡಿಲಲ್ಲಿ ಬಂತು ಎಂಬ ಲೆಕ್ಕ ಮನೆಯವರಿಗೆ ಮಾತ್ರ ಗೊತ್ತು.

ಆ ಚಾಳು ಈಗ ಇಲ್ಲ. ಹೊಸ ಕಟ್ಟಡಕ್ಕಾಗಿ ಕೆಡವಿದರು. ಅಕ್ಕನ ಸಂಸಾರ ನಾಲಾಸೋಪಾರಕ್ಕೆ ಹೋಯಿತು. ಮೂರು ವರ್ಷದ ಹಿಂದೆ ನಾವು ಶಂಕರಪುರದಿಂದಲೇ ತರಿಸಿ ಬೆಳೆಸಿದ ಗಿಡದ ಒಂದು ಸಸಿಯನ್ನು ಅಲ್ಲಿಗೆ ಒಯ್ದೆವು. ಅದು ಅವರ ತಾಯಿಯ ಗಿಡವಲ್ಲ. ಅದಕ್ಕೆ ಬದಲಿ ಎಂದು ನಾವೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ತೆಗೆದುಕೊಂಡು ಬಾಗಿಲ ಬಳಿ ಇಟ್ಟರು. ಹೋದ ವರ್ಷ ನವೆಂಬರಿನಲ್ಲಿ ದೂರವಾಣಿ ಮಾಡಿ, "ತಮ್ಮಾ, ಬನ್ನಿ, ಇದನ್ನು ಕಡಿಯುವ ಹೊತ್ತಾಯಿತಲ್ಲವಾ?" ಎಂದು ಕರೆದರು. ಹೋದೆವು. ಕತ್ತರಿಯನ್ನು ಅವರ ಕೈಗೇ ಕೊಟ್ಟು, ಗಿಣ್ಣು ತೋರಿಸಿದೆವು. ಒಂದೊಂದು ಗೆಲ್ಲು ಕತ್ತರಿಸಿದಾಗಲೂ ಅವರು ಅದನ್ನು ಕೆಳಗೆ ಬೀಳಗೊಡದೆ ಎಡಗೈಯಲ್ಲಿ ಹಿಡಿದರು. ಮೊದಲೇ ಎಂಟು ಡಬ್ಬಿಗಳಲ್ಲಿ ಮಣ್ಣು ತುಂಬಿಟ್ಟಿದ್ದರು.

ಅವುಗಳಲ್ಲಿ ಬದುಕಿದ ಐದು ಸಸಿಗಳಲ್ಲಿ ಎರಡನ್ನು ಅಕ್ಕ ಈ ವಾಚನಾಲಯಕ್ಕೆ ಕಳುಹಿಸಿದ್ದಾರೆ. ಅಗೋ, ಪತ್ರಿಕೆಗಳ ಮೇಜಿನ ಪಕ್ಕದ ಕಿಟಕಿಯಲ್ಲಿವೆ. ಬಿಸಿಲಿರುವ ಗ್ಯಾಲರಿಯವರು ಇಬ್ಬರು ಒಯ್ಯಬಹುದು. ಬೆಲೆಯಿಲ್ಲ. ಮುಂದಿನ ವರ್ಷ ಇದೇ ಹೊತ್ತಿಗೆ ಎರಡೆರಡು ಸಸಿ ಇದೇ ಕಿಟಕಿಗೆ ಹಿಂದಿರುಗಬೇಕು, ಅಷ್ಟೇ ಕರಾರು.